ಮಾದಕ ದ್ರವ್ಯ ಪತ್ತೆ: ತೂಕ, ಮೊಹರು, ಮಹಜರು

ಮಂಗಳೂರು ನಗರದಲ್ಲಿ ಗಾಂಜಾ, ಎಂಡಿಎಂಎ ಮೊದಲಾದ ಮಾದಕ ದ್ರವ್ಯಗಳ ಪತ್ತೆ ಮುಖ್ಯವಾಗಿ ಎರಡು ಘಟಕಗಳ ಹೊಣೆ. ಒಂದು ಸೆನ್ ಠಾಣೆ. ಸೈಬರ್ ವಂಚನೆ, ಆರ್ಥಿಕ ಅಪರಾಧ, ಮಾದಕ ದ್ರವ್ಯ ಮೂರೂ ಇದರ ಪಾಲಿಗೆ ಬರುತ್ತವೆ. ಇನ್ನೊಂದು ಸಿಸಿಬಿ, ಅಂದರೆ ನಗರ ಅಪರಾಧ ಪತ್ತೆ ದಳ. ಎರಡೂ 2010ರಲ್ಲಿ ಸ್ಥಾಪನೆಯಾದ ನಗರ ಪೊಲೀಸ್ ಕಮಿಷನರೇಟಿನ ಅಧೀನದಲ್ಲಿವೆ. ಉಳಿದ ಠಾಣೆಗಳೂ ಪ್ರಕರಣ ದಾಖಲಿಸುತ್ತವೆ. ಅಬಕಾರಿ ಇಲಾಖೆಗೂ ಅಧಿಕಾರವಿದೆ.

ಈ ಕೆಲಸದ ಕಷ್ಟ ತಿಳಿಯಲು ಫಳ್ನೀರಿನಂಥ ಬಡಾವಣೆಯನ್ನು ನೋಡಬೇಕು. ಒಂದು ತುದಿಗೆ ಕಂಕನಾಡಿ, ಇನ್ನೊಂದಕ್ಕೆ ಹಂಪನಕಟ್ಟೆ. ನಡುವೆ ಆಸ್ಪತ್ರೆ, ಅಪಾರ್ಟ್‌ಮೆಂಟು, ಹಾಸ್ಟೆಲು, ಪಿಜಿ, ಹೋಟೆಲು. ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ, ಕೇರಳದ ಗಡಿ ತಲಪಾಡಿಯೂ ದೂರವಲ್ಲ. ರೋಗಿಗಳ ಕಡೆಯವರು, ವಿದ್ಯಾರ್ಥಿಗಳು, ಡೆಲಿವರಿ ಹುಡುಗರು ಹೊತ್ತಲ್ಲದ ಹೊತ್ತಿನಲ್ಲೂ ಓಡಾಡುವ ಕಡೆ ಅಪರಿಚಿತ ಮುಖವೊಂದು ಅನುಮಾನಕ್ಕೆ ಕಾರಣವಾಗಲಾರದು. ಇಲ್ಲಿ ಗಸ್ತಿಗಿಂತ ಬಾತ್ಮಿದಾರನೇ ಮುಖ್ಯ.

ಪತ್ರಿಕೆಗಳಲ್ಲಿ ‘ಖಚಿತ ಮಾಹಿತಿ ಮೇರೆಗೆ ದಾಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಯುವ ಸಂಗತಿಗೆ 1985ರ ಮಾದಕ ದ್ರವ್ಯ ಕಾಯ್ದೆಯಲ್ಲಿ ಬಿಗಿಯಾದ ಕ್ರಮವಿದೆ. ರಸ್ತೆ ಬದಿಯಲ್ಲಿ ಹಿಡಿದರೆ 43ನೇ ಕಲಂ. ಅದೇ ರಸ್ತೆಯ ಕಟ್ಟಡದ ಕೋಣೆಯೊಂದಕ್ಕೆ ನುಗ್ಗುವುದಾದರೆ 42ನೇ ಕಲಂ. ಆಗ ಬಂದ ಮಾಹಿತಿಯನ್ನು ಬರೆದಿಟ್ಟು, 72 ಗಂಟೆಯೊಳಗೆ ಅದರ ಪ್ರತಿಯನ್ನು ಮೇಲಧಿಕಾರಿಗೆ ಕಳುಹಿಸಬೇಕು. ಮಾಹಿತಿ ಕೊಟ್ಟವರು ಯಾರೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂಬ ರಕ್ಷಣೆ 68ನೇ ಕಲಮಿನಲ್ಲಿದೆ. ಅದಿಲ್ಲದಿದ್ದರೆ ಬಾಯಿ ಬಿಡುವವರೇ ಇರುತ್ತಿರಲಿಲ್ಲ.

ಜೇಬಿಗೆ ಕೈ ಹಾಕುವ ಮುನ್ನ ಇನ್ನೊಂದು ಹಂತವಿದೆ. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಲ್ಲೇ ತನ್ನ ಶೋಧ ನಡೆಯಲಿ ಎಂದು ಕೇಳುವ ಹಕ್ಕು ಆರೋಪಿಗಿದೆ ಎಂಬುದನ್ನು ಅವನಿಗೆ ತಿಳಿಸಬೇಕು. ಇದನ್ನು ಚಾಚೂ ತಪ್ಪದೆ ಪಾಲಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿತು. ಈ ನಿಯಮ ಮೈಮೇಲಿನ ಶೋಧಕ್ಕೆ ಮಾತ್ರ, ಕೈಯಲ್ಲಿರುವ ಬ್ಯಾಗಿಗೆ ಅನ್ವಯಿಸುವುದಿಲ್ಲ. ಮಹಿಳೆಯ ಶೋಧವನ್ನು ಮಹಿಳೆಯೇ ನಡೆಸಬೇಕು. 2024ರ ಜುಲೈ 1ರಿಂದ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವೂ ಕಡ್ಡಾಯವಾಗಿದೆ. ಮಹಜರಿಗೆ ಸಹಿ ಹಾಕಿದ ಪಂಚರು ವರ್ಷಗಳ ನಂತರ ಕಟಕಟೆಯಲ್ಲಿ ‘ನನಗೇನೂ ಗೊತ್ತಿಲ್ಲ’ ಎಂದುಬಿಡುವುದು ತನಿಖಾಧಿಕಾರಿಗಳ ಹಳೆಯ ತಲೆನೋವು. ಚಿತ್ರೀಕರಣ ಅದಕ್ಕೆ ತಡವಾಗಿ ಸಿಕ್ಕ ಮದ್ದು.

ಮುಂದಿನದು ತಕ್ಕಡಿಯ ಕೆಲಸ. ಶಿಕ್ಷೆ ನಿರ್ಧಾರವಾಗುವುದು ತೂಕದ ಮೇಲೆ. ಗಾಂಜಾ 1 ಕಿಲೋವರೆಗೆ ‘ಅಲ್ಪ ಪ್ರಮಾಣ’, 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’. ಎಂಡಿಎಂಎಗೆ ಇದೇ ಗಡಿಗಳು ಅರ್ಧ ಗ್ರಾಂ ಮತ್ತು 10 ಗ್ರಾಂ. ಗೋಣಿಚೀಲದ ತುಂಬ ಗಾಂಜಾ ಸಾಗಿಸಿದವನಿಗೂ ಅಂಗೈಯಲ್ಲಿ ಅಡಗುವಷ್ಟು ಹರಳು ಇಟ್ಟುಕೊಂಡವನಿಗೂ ಕಾದಿರುವ ಶಿಕ್ಷೆ ಒಂದೇ: 10ರಿಂದ 20 ವರ್ಷ ಸೆರೆವಾಸ, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಗಾಂಜಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿಭಾಗ. ಅದರ ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಇಡೀ ಗಿಡವನ್ನು ಹಾಗೇ ತೂಗಿದ ಪ್ರಕರಣದಲ್ಲಿ ಆರೋಪಿ ಪರ ವಕೀಲರು ಮೊದಲು ಹಿಡಿಯುವ ಎಳೆ ಇದೇ.

ತೂಗಿದ ಮಾಲಿನ ಪೊಟ್ಟಣ ಕಟ್ಟಿ, ಅರಗು ಹಾಕಿ ಮೊಹರು ಒತ್ತಲಾಗುತ್ತದೆ. 2022ರ ನಿಯಮಗಳಂತೆ ಪರೀಕ್ಷೆಗೆ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತೆಗೆಯಬೇಕು: ಗಾಂಜಾವಾದರೆ 24 ಗ್ರಾಂ, ಎಂಡಿಎಂಎಯಂಥದ್ದಾದರೆ 5 ಗ್ರಾಂ, ಎರಡೆರಡು ಪ್ರತಿ. ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ತಲುಪಿದ ಪೊಟ್ಟಣದ ಮೊಹರು ಮಹಜರಿನಲ್ಲಿ ಬರೆದ ಮೊಹರಿಗೆ ತಾಳೆಯಾಗದಿದ್ದರೆ ಇಡೀ ಪ್ರಕರಣ ಬಿದ್ದುಹೋಗಬಹುದು. ಸಿನಿಮಾಗಳು ತೋರಿಸುವ ಬೆನ್ನಟ್ಟಿ ಹಿಡಿಯುವ ಸಾಹಸಕ್ಕಿಂತ ಈ ಗುಮಾಸ್ತಿಕೆಯಲ್ಲೇ ತನಿಖೆಯ ಜೀವವಿರುವುದು.

ಸಣ್ಣ ಮಾರಾಟಗಾರನನ್ನು ಹಿಡಿದು ಕಡತ ಮುಚ್ಚುವ ಬದಲು ಪೂರೈಕೆಯ ಜಾಡು ಹಿಡಿದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಂಗಳೂರು ಸಿಸಿಬಿಯ ಪ್ರಕರಣವೊಂದು ಸಾಕ್ಷಿ. ಫಳ್ನೀರಿನಿಂದ ಕಂಕನಾಡಿ ದಾಟಿದರೆ ಸಿಗುವ ಪಂಪ್‌ವೆಲ್‌ನಲ್ಲಿ 2024ರಲ್ಲಿ ಲಾಡ್ಜ್‌ವೊಂದರ ಮೇಲೆ ದಾಳಿಯಾಯಿತು. ಸಿಕ್ಕಿದ್ದು 15 ಗ್ರಾಂ ಎಂಡಿಎಂಎ. ಅದರ ಬೆನ್ನುಹತ್ತಿದ ತಂಡ ಬೆಂಗಳೂರಿನಲ್ಲಿ ನೈಜೀರಿಯಾ ಪ್ರಜೆಯೊಬ್ಬನಿಂದ 6 ಕಿಲೋಗೂ ಹೆಚ್ಚು ವಶಪಡಿಸಿಕೊಂಡಿತು. 2025ರ ಮಾರ್ಚಿನಲ್ಲಿ, ದೆಹಲಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದಿದ್ದ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಟ್ರಾಲಿ ಬ್ಯಾಗುಗಳಲ್ಲಿ 37 ಕಿಲೋಗೂ ಹೆಚ್ಚು ಎಂಡಿಎಂಎ ಸಿಕ್ಕಿತು. ಪೊಲೀಸರ ಅಂದಾಜಿನಲ್ಲಿ ಅದರ ಮೌಲ್ಯ 75 ಕೋಟಿ ರೂಪಾಯಿ.

ವಶಪಡಿಸಿಕೊಂಡ ಮಾಲನ್ನು ಕಾನೂನುಬದ್ಧ ಅನುಮತಿ ಪಡೆದು, ಮೂಲ್ಕಿಯ ಕೊಲ್ನಾಡು ಕೈಗಾರಿಕಾ ಪ್ರದೇಶದ ತ್ಯಾಜ್ಯ ವಿಲೇವಾರಿ ಘಟಕದಲ್ಲಿ ಸುಟ್ಟುಹಾಕಲಾಗುತ್ತದೆ.

ಸೇವನೆಯೂ ಅಪರಾಧವೇ; 27ನೇ ಕಲಮಿನಂತೆ ಗಾಂಜಾ ಸೇದಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಕಲಂ ಕೂಡ ಇದೇ ಕಾಯ್ದೆಯಲ್ಲಿದೆ. ಹೆದರಿ ಸುಮ್ಮನಿರುವ ಮನೆಯವರಿಗೆ ಇದು ತಿಳಿದಿರಬೇಕು. ವ್ಯಸನಮುಕ್ತಿಯ ಸಲಹೆಗೆ 14446, ಮಾದಕ ದ್ರವ್ಯ ಮಾರಾಟದ ಮಾಹಿತಿ ನೀಡಲು 1933 ಸಂಖ್ಯೆಗೆ ಕರೆ ಮಾಡಬಹುದು.