ಮೂಲೆಯ ಕಿಟಕಿಯಲ್ಲಿ ಕ್ರಿಕೆಟ್

ಮನೆಯಿಂದಲೇ ಕೆಲಸ ಮಾಡುವ ಓದುಗರೊಬ್ಬರ ಪ್ರಶ್ನೆ: ಎಕ್ಸೆಲ್ ಹಾಳೆಯ ಮೂಲೆಯಲ್ಲಿ ಪುಟ್ಟ ಕಿಟಕಿ ತೆರೆದು ಮ್ಯಾಚ್ ಹಾಕಿಕೊಂಡಿರುತ್ತೇನೆ, ಕಂಪ್ಯೂಟರಿಗೆ ಸುಸ್ತಾಗದೆ?

ಸುಸ್ತಾಗುವುದು ನಿಮಗೆ! ಈಚಿನ ಯಂತ್ರಗಳ ಗ್ರಾಫಿಕ್ಸ್ ಚಿಪ್ಪಿನಲ್ಲಿ ವಿಡಿಯೊ ಬಿಡಿಸುವುದಕ್ಕೆಂದೇ ಬೇರೆ ಸರ್ಕಿಟ್ ಇರುತ್ತದೆ. ಮುಖ್ಯ ಪ್ರೊಸೆಸರಿಗೆ ಅದರ ಭಾರ ಅಷ್ಟಾಗಿ ತಟ್ಟದು. ನಮ್ಮ ತಲೆಯಲ್ಲಿ ಅಂಥ ಏರ್ಪಾಡಿಲ್ಲ. ಎರಡನ್ನೂ ಒಟ್ಟಿಗೇ ಮಾಡುತ್ತೇನೆ ಎಂದು ಜಂಬ ಕೊಚ್ಚುವವರ ಗಮನ ಅತ್ತಿಂದಿತ್ತ ಜಿಗಿಯುತ್ತಿರುತ್ತದೆ, ಅಷ್ಟೆ. ಜಿಎಸ್‌ಟಿ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಾಗುವುದು ಇಂಥ ಜಿಗಿತದಲ್ಲೇ.

ಅದಿರಲಿ. ಆ ಕಿಟಕಿಯೊಳಗೆ ಚಿತ್ರ ಬಂದು ಕೂರುವ ಬಗೆಯೇ ಸೋಜಿಗ. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ ಎಂದುಕೊಂಡರೂ ಸೆಕೆಂಡಿಗೆ 155 ಮೆಗಾಬೈಟ್. ಹಳೆಯ ಸಿ.ಡಿ.ಯೊಂದು ಐದು ಸೆಕೆಂಡಿನೊಳಗೆ ಭರ್ತಿ. ಬ್ರಾಡ್‌ಬ್ಯಾಂಡಿನಲ್ಲಿ ಮ್ಯಾಚ್ ಬರುವುದು ಸಾಮಾನ್ಯವಾಗಿ ಇದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಲ್ಲಿ.

ಸಿನಿಮಾ ರೀಲಿನಂತೆ ಒಂದರ ಹಿಂದೊಂದು ಚಿತ್ರ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಇಡೀ ಚಿತ್ರ ಬರುವುದು ಆಗೊಮ್ಮೆ ಈಗೊಮ್ಮೆ. ನಡುವೆ ಬರುವುದೆಲ್ಲ ದಿನಸಿ ಅಂಗಡಿಗೆ ಫೋನಿನಲ್ಲಿ ಹೇಳುವ ಧಾಟಿ: ‘ಹೋದ ತಿಂಗಳ ಪಟ್ಟಿಯೇ, ಬೇಳೆ ಮಾತ್ರ ಒಂದು ಕೆ.ಜಿ. ಜಾಸ್ತಿ.’ ಪಿಚ್ಚು ಹಾಗೇ ಇದೆ, ಅಂಪೈರ್ ಅಲ್ಲಾಡಿಲ್ಲ, ಬೌಲರ್ ಇದ್ದ ಚೌಕ ಇಷ್ಟು ಎಡಕ್ಕೆ ಸರಿದಿದೆ. ಅಷ್ಟು ಸಾಕು.

ಇನ್ನೂ ಮಜಾ ಏನೆಂದರೆ, ಕೆಲವೊಮ್ಮೆ ನಾಳಿನದು ಇಂದಿಗಿಂತ ಮೊದಲೇ ಬರುತ್ತದೆ! ಮುಂದಿನ ಚಿತ್ರವನ್ನು ಮೊದಲು ಕಳಿಸಿ, ಆಮೇಲೆ ಹಿಂದು ಮುಂದಿನವೆರಡನ್ನೂ ನೋಡಿಕೊಂಡು ನಡುವಿನದನ್ನು ಕಟ್ಟುವುದು ಅಗ್ಗ. ಚೆಂಡು ಸ್ಟಂಪಿಗೆ ಬಡಿದದ್ದು ನಿಮ್ಮ ಕಂಪ್ಯೂಟರಿಗೆ ಗೊತ್ತು. ಬೇಲ್ಸ್ ಹಾರುವ ಮುಂಚಿನ ಚಿತ್ರವನ್ನು ಅದಿನ್ನೂ ಜೋಡಿಸುತ್ತ ಕೂತಿರುತ್ತದೆ.

ಇಡೀ ಚಿತ್ರವನ್ನಾಗಲಿ, ಉಳಿದ ವ್ಯತ್ಯಾಸವನ್ನಾಗಲಿ ಹಿಂಡುವ ಗಣಿತದಲ್ಲಿ ಬೆಂಗಳೂರಿನ ಪಾಲಿದೆ. ಅಲ್ಲಿ 1940ರಲ್ಲಿ ಹುಟ್ಟಿ, ಈಗ ಯುವಿಸಿಇ ಎನ್ನುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಳಿ ಹಣ ಕೇಳಿದರು. ಕಲ್ಪನೆ ತೀರಾ ಸರಳವಾಯಿತೆಂದು ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಪ್ರಕಟಿಸಿದರು. ಚಿತ್ರದ ಪುಟ್ಟ ಚೌಕವನ್ನು ಒರಟು, ನವಿರು ಅಲೆಗಳ ಮೊತ್ತವಾಗಿ ಬರೆದರೆ, ಕಣ್ಣಿಗೆ ಕಾಣದಷ್ಟು ನವಿರಾದದ್ದನ್ನು ಸಲೀಸಾಗಿ ಎಸೆಯಬಹುದು. ಜೆಪೆಗ್ ಫೋಟೊದಿಂದ ಇಂದಿನ ವಿಡಿಯೊವರೆಗೆ ಈ ಗಣಿತ ಅಥವಾ ಇದರ ದಾಯಾದಿಗಳೇ ದುಡಿಯುತ್ತಿವೆ. ಸರಳ ಎಂದವರಿಗೆ ಈಗೇನನ್ನಿಸುತ್ತದೋ!

ಎಸೆದದ್ದು ಎಲ್ಲಿ ಹೋಯಿತೆಂದು ನೋಡಬೇಕೆ? ಸಿಕ್ಸರ್ ಹೋದಾಗ ಕ್ಯಾಮೆರಾ ಚೆಂಡಿನ ಬೆನ್ನುಹತ್ತಿ ಜನಜಂಗುಳಿಯತ್ತ ತಿರುಗುತ್ತದಲ್ಲ, ಆಗ ಗಮನಿಸಿ. ಕುಣಿಯುವ ಸಾವಿರ ತಲೆಗಳಲ್ಲಿ ಹಳೆಯ ಪಟ್ಟಿಯಿಂದ ಎತ್ತಿಕೊಳ್ಳಲು ಏನೂ ಇರುವುದಿಲ್ಲ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಸುದ್ದಿವಾಹಿನಿಯ ಕೆಳಗೆ ಓಡುವ ಪಟ್ಟಿಗೆ ಮಾತ್ರ ಖರ್ಚೇ ಇಲ್ಲ: ಅದೇ ಅಕ್ಷರ, ತುಸು ಎಡಕ್ಕೆ.

ಇಷ್ಟಾಗಿಯೂ ಕಿಟಕಿ ತೆರೆದೊಡನೆ ನಿಮ್ಮ ಯಂತ್ರದ ಫ್ಯಾನು ಗುರ್ ಎಂದರೆ, ಹೊಸ ಬಗೆಯ ವಿಡಿಯೊ ಬಿಡಿಸಲು ಬಾರದ ಹಳೆಯ ಚಿಪ್ ಇರಬಹುದು. ಆಗ ಆ ಗಣಿತವೆಲ್ಲ ಮುಖ್ಯ ಪ್ರೊಸೆಸರಿನ ತಲೆಗೇ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಗೆರೆ ಏಳುತ್ತಿದೆಯೇ ನೋಡಿ. ಮಲಗಿಯೇ ಇದ್ದರೆ ಚಿತ್ರದ ಗುಣಮಟ್ಟವನ್ನು 480ಕ್ಕೆ ಇಳಿಸಿ. ಅಂಗೈಯಗಲದ ಕಿಟಕಿಗೆ ಅದು ಧಾರಾಳ.