ಕೆಂಪು ಹುಂಜ, ಬೂದಿ ಹೇಟೆ

ಯುಗಾದಿಯ ಮಾರನೆ ದಿನ ಹೊಸತೊಡಕು. ಅದರ ಮುಂಚಿನ ಸಂತೆಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಕೋಳಿಯನ್ನು ಕೈಯಲ್ಲಿ ತೂಗಿ ನೋಡುವ ಮೊದಲೇ ಪುಕ್ಕ ನೋಡುತ್ತಾರೆ. ಬೆಳ್ಳಗಿದ್ದರೆ ಫಾರಂ ಕೋಳಿ. ಕೆಂಪು, ಕಪ್ಪು, ಚುಕ್ಕೆ ಇದ್ದರೆ ನಾಟಿ. ರೇಟೂ ಅದಕ್ಕೆ ತಕ್ಕಂತೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಕೋಳಿಯ ಮೈಯಲ್ಲಿ ತಳಿ ಬೆಳೆಸುವವರು ಅತಿ ಸುಲಭವಾಗಿ ಬದಲಿಸಬಹುದಾದದ್ದೇ ಬಣ್ಣ. ತೂಕ, ಮೊಟ್ಟೆಗಳ ಹಿಂದೆ ಲೆಕ್ಕವಿಲ್ಲದಷ್ಟು ವಂಶವಾಹಿಗಳಿವೆ. ಪುಕ್ಕದ ಬಣ್ಣವನ್ನು ಬೆರಳೆಣಿಕೆಯ ವಂಶವಾಹಿಗಳು ತಿರುಗಿಸಿಬಿಡುತ್ತವೆ. ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಹೊಂದುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದೂ ಕೋಳಿಗಳನ್ನು ಕೂಡಿಸಿಯೇ.

ಮೂಲ ಬಣ್ಣಗಳು ಎರಡೇ: ಕಪ್ಪು ಮತ್ತು ಕೆಂಗಂದು. ಬಿಳಿ ಎಂದರೆ ಆ ಬಣ್ಣಗಳಿಗೆ ಬಿದ್ದ ತಡೆ. ಆ ತಡೆ ಎರಡು ಬಗೆಯದು. ಬಿಳಿ ಲೆಗಾರ್ನ್ ಕೋಳಿಯದು ಪ್ರಬಲ. ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿ ಹೆಚ್ಚುಕಡಿಮೆ ಬಿಳಿಯೇ. ಇನ್ನೊಂದು ಬಗೆ ಅಡಗಿ ಕೂರುತ್ತದೆ. ಇಬ್ಬರಿಂದಲೂ ಬಂದಾಗಷ್ಟೇ ಹೊರಬೀಳುತ್ತದೆ. ಕರಿ ಹುಂಜ, ಕರಿ ಹೇಟೆಯ ಕಾವಿನಲ್ಲಿ ಒಂದು ಬಿಳಿ ಮರಿ ಒಡೆದರೆ ಪಕ್ಕದ ಮನೆಯ ಹುಂಜದ ಮೇಲೆ ಗುಮಾನಿ ಪಡಬೇಕಿಲ್ಲ.

ಎಲ್ಲಕ್ಕಿಂತ ಚೇಷ್ಟೆಯದು ಬೂದಿ ಬಣ್ಣ. ಬೂದಿ ಹುಂಜಕ್ಕೆ ಬೂದಿ ಹೇಟೆ ಕೂಡಿಸಿದರೆ ಎಲ್ಲ ಮರಿಯೂ ಬೂದಿಯಾಗುವುದಿಲ್ಲ. ಸರಾಸರಿ ನಾಲ್ಕಕ್ಕೆ ಎರಡು ಬೂದಿ, ಒಂದು ಕಪ್ಪು, ಇನ್ನೊಂದು ಬಿಳಿ ಮೈಗೆ ಮಸಿ ಚಿಮುಕಿಸಿದ ಹಾಗೆ. ಆ ಮಸಿ ಚುಕ್ಕೆಯದನ್ನು ಕಪ್ಪಿನ ಜೊತೆ ಬಿಟ್ಟರೆ ಹುಟ್ಟುವುದೆಲ್ಲ ಬೂದಿ! ಬೇಕಾದ ಬಣ್ಣ ಸಿಗಬೇಕಾದರೆ ಆ ಬಣ್ಣವಿಲ್ಲದ ಜೋಡಿಯನ್ನೇ ಹುಡುಕಬೇಕು.

ಸಂತೆಯ ಕಣ್ಣನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಜ್ಞರು ಚೆನ್ನಾಗಿ ಬಲ್ಲವರು. ಕೃಷಿ ವಿಶ್ವವಿದ್ಯಾಲಯದಡಿ 1989ರಲ್ಲಿ ಹೊರಬಂದ ಗಿರಿರಾಜ, ಬಳಿಕ 2005ರಲ್ಲಿ ಬಂದ ಸ್ವರ್ಣಧಾರಾ, ಎರಡೂ ಬಣ್ಣದ ಪುಕ್ಕದವು. ಹಿತ್ತಲಲ್ಲಿ ಮೇಯುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ ಎನ್ನುವುದು ಒಂದು ಕಾರಣ. ಕೊಳ್ಳುವವರ ಕಣ್ಣು ಇನ್ನೊಂದು, ನನ್ನ ಪ್ರಕಾರ ಅದೇ ದೊಡ್ಡದು. ಗಿರಿರಾಜ ನಾಟಿಯಂತೆ ಕಂಡರೂ ನಾಟಿಗಿಂತ ಬೇಗ ಬೆಳೆಯುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ, ಕಾವು ಕೂರಲು ಮಾತ್ರ ಅದಕ್ಕೆ ಮನಸ್ಸಿಲ್ಲ. ಅದರ ಮೊಟ್ಟೆಯನ್ನು ನಾಟಿ ಹೇಟೆಯ ಕೆಳಗಿಟ್ಟು ಮರಿ ಮಾಡಿಸಿದರೆ ತೂಕ, ಮೊಟ್ಟೆಯ ಗುಣ ಇಳಿಯುತ್ತದೆ. ಬಣ್ಣ ಉಳಿದಿರುತ್ತದೆ. ಸಂತೆಯಲ್ಲಿ ಗೊತ್ತಾಗದೆ ಹೋಗುವುದು ಇಲ್ಲೇ.

ಹಾಗೆಂದು ಬಣ್ಣ ಬರೀ ತೋರಿಕೆಯೂ ಅಲ್ಲ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್ ವರ್ಣತಂತು, ಹೇಟೆಗೆ ಒಂದು ಝಡ್, ಒಂದು ಡಬ್ಲ್ಯು. ತಾಯಿಯ ಝಡ್ ಗಂಡು ಮರಿಗಳಿಗೆ ಮಾತ್ರ ಹೋಗುತ್ತದೆ. ಪುಕ್ಕದ ಅಡ್ಡಗೆರೆಯ ವಂಶವಾಹಿ ಇರುವುದು ಆ ಝಡ್ ಮೇಲೆಯೇ. ಹೀಗಾಗಿ ಅಡ್ಡಗೆರೆಯ ಪ್ಲಿಮತ್ ರಾಕ್ ಹೇಟೆಗೆ ಕೆಂಪು ರೋಡ್ ಐಲೆಂಡ್ ಹುಂಜ ಕೂಡಿಸಿದರೆ, ಮೊಟ್ಟೆಯೊಡೆದ ದಿನವೇ ಗಂಡು ಮರಿಯ ನೆತ್ತಿಯಲ್ಲಿ ತಿಳಿಬಣ್ಣದ ಬೊಟ್ಟು ಕಾಣುತ್ತದೆ, ಹೆಣ್ಣಿಗೆ ಇರುವುದಿಲ್ಲ. ಜೋಡಿಯನ್ನು ಅದಲುಬದಲು ಮಾಡಿದರೆ ಈ ಗುರುತು ಕೆಲಸಕ್ಕೆ ಬಾರದು. ಮೊಟ್ಟೆಗಾಗಿ ಸಾಕುವವರಿಗೆ ಮೊದಲ ದಿನವೇ ಗಂಡು ಹೆಣ್ಣು ತಿಳಿದರೆ ಎಷ್ಟು ಫೀಡ್ ಉಳಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಪುಕ್ಕದಿಂದ ಚರ್ಮಕ್ಕೆ ಬಂದರೆ ಕಥೆ ಗುಂಡ್ಲುಪೇಟೆಗೇ ಮರಳುತ್ತದೆ. ಊರ ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನ ಎಂದಿದ್ದವನು ಡಾರ್ವಿನ್. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೊಂದು ತಿದ್ದುಪಡಿ ತಂದರು: ಹಳದಿ ಚರ್ಮ, ಹಳದಿ ಕಾಲಿನ ವಂಶವಾಹಿ ಬಂದಿರುವುದು ಬಹುಪಾಲು ಬೂದು ಕಾಡುಕೋಳಿಯಿಂದ. ಬಂಡೀಪುರದ ಪೊದೆಗಳಲ್ಲಿ ಕೂಗುವ, ಕತ್ತಿನ ಗರಿಗಳಲ್ಲಿ ಮೇಣದಂಥ ಹಳದಿ ಚುಕ್ಕೆಗಳಿರುವ ಅದೇ ಹಕ್ಕಿ. ಮೇವಿನಿಂದ ಬಂದ ಹಳದಿಯನ್ನು ಚರ್ಮದಲ್ಲಿ ಒಡೆದುಹಾಕುವ ಕಿಣ್ವವೊಂದಿದೆ; ಈ ವಂಶವಾಹಿ ಎರಡೂ ಕಡೆಯಿಂದ ಬಂದಾಗ ಚರ್ಮದಲ್ಲಿ ಆ ಕೆಲಸ ನಿಂತು ಹಳದಿ ಶೇಖರವಾಗುತ್ತದೆ.

ಆ ಹಳದಿಯ ಒಂದು ಮೂಲ ಮುಸುಕಿನ ಜೋಳ. ಇನ್ನೊಂದು ಚೆಂಡು ಹೂ. ಓಣಂಗೂ ಮುಂಚಿನ ತಿಂಗಳುಗಳಲ್ಲಿ ಗುಂಡ್ಲುಪೇಟೆ ಹೆದ್ದಾರಿಯ ಇಕ್ಕೆಲದ ಹೂವಿನ ಹೊಲಗಳ ಮುಂದೆ ಕೇರಳದ ಕಾರುಗಳು ನಿಲ್ಲುತ್ತವೆ. ಆ ಹೂವಿನಲ್ಲಿ ಬಹಳಷ್ಟು ಹಾರಕ್ಕೆ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಹಾಗೆ ತೆಗೆದ ಸಾರ ಕೋಳಿ ಫೀಡಿಗೂ ಸೇರುತ್ತದೆ. ಅದನ್ನು ತಿಂದರೂ ಬಿಳಿ ಚರ್ಮದ ಹೇಟೆಯ ಕಾಲು ಹಳದಿಯಾಗುವುದಿಲ್ಲ. ಅದಿಡುವ ಮೊಟ್ಟೆಯೊಳಗಿನ ಹಳದಿ ಮಾತ್ರ ಗಾಢವಾಗುತ್ತದೆ.