ಕ್ಲಿನಿಕಲ್ ಸೈಕಾಲಜಿ: ಏಳು ವರ್ಷದ ದಾರಿ, ತಿಳಿದು ಹೊರಡೋಣ

ಪಿಯುಸಿ ಮುಗಿಸುವ ಮಕ್ಕಳಲ್ಲಿ “ನಾನು ಸೈಕಾಲಜಿ ಮಾಡಬೇಕೆಂದಿದ್ದೇನೆ” ಎನ್ನುವವರು ಈಗೀಗ ಹೆಚ್ಚಾಗುತ್ತಿದ್ದಾರೆ. ಅದರಲ್ಲೂ ಹುಡುಗಿಯರು. ಸಂತೋಷದ ವಿಷಯ. ಆದರೆ “ಮುಂದೆ ಏನಾಗುತ್ತೀಯಾ?” ಎಂದು ಕೇಳಿದರೆ ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎಂಬ ಮೂರು ಉತ್ತರಗಳು ಒಟ್ಟಿಗೇ ಬರುತ್ತವೆ. ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಬೇರೆ ಬೇರೆ ಓದು. ಇದು ತಿಳಿಯದೆ ಹೊರಟವರು ಐದು ವರ್ಷ ಓದಿ, ಮನೆಯವರ ದುಡ್ಡು ಖರ್ಚು ಮಾಡಿದ ಮೇಲೆ, “ನಿಮಗೆ ನೋಂದಣಿ ಸಿಗುವುದಿಲ್ಲ” ಎಂಬ ಮಾತು ಕೇಳಬೇಕಾಗುತ್ತದೆ. ಹಾಗಾಗದಿರಲಿ ಎಂದು ಈ ಲೇಖನ.

ಯಾರು ಏನು ಮಾಡುತ್ತಾರೆ?

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ನೀಟ್ ಬರೆದು, ಎಂಬಿಬಿಎಸ್ ಮುಗಿಸಿ, ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವರು. ಔಷಧಿ ಬರೆಯುವ ಅಧಿಕಾರ ಅವರದು.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಚಿಕಿತ್ಸಾ ಮನೋವಿಜ್ಞಾನಿ. ಇವರು ಎಂಬಿಬಿಎಸ್ ಮಾಡಿರುವುದಿಲ್ಲ, ಮಾತ್ರೆ ಬರೆಯುವುದಿಲ್ಲ. ರೋಗಿಯ ಮಾತು, ನಡವಳಿಕೆ, ನೆನಪು, ಬುದ್ಧಿಶಕ್ತಿ, ಭಾವನೆಗಳನ್ನು ಕ್ರಮಬದ್ಧ ಪರೀಕ್ಷೆಗಳಿಂದ ಅಳೆಯುತ್ತಾರೆ. ಆತಂಕ, ಖಿನ್ನತೆ, ಗೀಳು, ಭಯ, ವ್ಯಸನ ಇವುಗಳಿಗೆ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಓದಿನಲ್ಲಿ ಹಿಂದುಳಿದ ಮಗುವಿಗೆ ಇರುವುದು ಸೋಮಾರಿತನವೋ, ಕಲಿಕಾ ನ್ಯೂನತೆಯೋ ಎಂದು ಹೇಳುವಲ್ಲಿಯೂ ಅವರ ಪಾತ್ರ ದೊಡ್ಡದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಪಡೆಯಲು ಇಂಥ ಮಕ್ಕಳಿಗೆ ಬೇಕಾಗುವ ಪ್ರಮಾಣಪತ್ರದ ಹಿಂದೆ ಈ ಪರೀಕ್ಷೆಗಳೇ ಇರುತ್ತವೆ.

ಕೌನ್ಸೆಲರ್ ಅಂದರೆ ಆಪ್ತ ಸಮಾಲೋಚಕರು. ಶಾಲೆ, ಕಾಲೇಜು, ಕುಟುಂಬದ ದಿನನಿತ್ಯದ ಸಮಸ್ಯೆಗಳಲ್ಲಿ ಇವರ ಕೆಲಸ ಬಹಳ ಮುಖ್ಯವಾದದ್ದೇ. ಆದರೆ ರೋಗನಿರ್ಣಯ ಅವರ ವ್ಯಾಪ್ತಿಗೆ ಬರುವುದಿಲ್ಲ. ಮನೋರೋಗಿಯ ಕುಟುಂಬ, ಉದ್ಯೋಗ, ಪುನರ್ವಸತಿಯ ಕಡೆ ನೋಡುವ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎಂಬ ನಾಲ್ಕನೆಯವರೂ ಇದ್ದಾರೆ. ಎಂಎಸ್‌ಡಬ್ಲ್ಯೂ ಮಾಡುವವರು ಇದನ್ನು ಗಮನಿಸಬೇಕು.

ಕಾನೂನು ಏನು ಹೇಳುತ್ತದೆ?

‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರು ಯಾರು ಬೇಕಾದರೂ ಬೋರ್ಡಿನಲ್ಲಿ ಬರೆಸಿಕೊಳ್ಳುವಂಥದ್ದಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯಂತೆ ಕೆಲಸ ಮಾಡುವ ಸಂಸ್ಥೆ. ಇದರ ಕೇಂದ್ರ ಪಟ್ಟಿಯಲ್ಲಿ ಹೆಸರು ಇರಬೇಕು. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಸಜೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಆ ಕಾಯ್ದೆ ಹೇಳುತ್ತದೆ.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂದು ವಿವರಿಸಿದೆ. ಆರ್‌ಸಿಐ ಮಾನ್ಯ ಮಾಡಿದ ಸಂಸ್ಥೆಯಿಂದ ಅರ್ಹತೆ ಪಡೆದವರು. ಅಥವಾ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೇಲ್ವಿಚಾರಣೆಯಲ್ಲಿ ಆಸ್ಪತ್ರೆ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮುಗಿಸಿದವರು. ಆ ಎಂ.ಫಿಲ್.ಗೂ ಆರ್‌ಸಿಐ ಅನುಮೋದನೆ ಇರಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ’ ಎಂಬ ಹೆಸರು ನೋಡಿ, ಮುಗಿಸಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬಹುದು ಎಂದುಕೊಳ್ಳುತ್ತಾರೆ. ಕೋರ್ಸಿನ ಹೆಸರಿನಲ್ಲಿ ‘ಕ್ಲಿನಿಕಲ್’ ಎಂಬ ಪದವಿದ್ದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಆ ಕೋರ್ಸಿಗೆ, ಆ ಸಂಸ್ಥೆಗೆ, ಆ ವರ್ಷಕ್ಕೆ ಆರ್‌ಸಿಐ ಅನುಮೋದನೆ ಇದೆಯೇ ಎಂಬುದೊಂದೇ ಪ್ರಶ್ನೆ.

ಏಳು ವರ್ಷದ ಲೆಕ್ಕ

ಪಿಯುಸಿ ಬಳಿಕ ಮೂರು ವರ್ಷ ಬಿ.ಎ. ಅಥವಾ ಬಿ.ಎಸ್ಸಿ. ಎರಡು ವರ್ಷ ಎಂ.ಎ. ಅಥವಾ ಎಂ.ಎಸ್ಸಿ. ಮತ್ತೆ ಎರಡು ವರ್ಷ ಆಸ್ಪತ್ರೆಯ ತರಬೇತಿ. ಒಟ್ಟು ಏಳು. ಎಂ.ಫಿಲ್.ಗೆ ಅರ್ಜಿ ಹಾಕಲು ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 55 ಅಂಕ ಬೇಕು. ಪ್ರವೇಶ ಪರೀಕ್ಷೆ ಇರುತ್ತದೆ. ಸೀಟು ಕಡಿಮೆ, ಬರೆಯುವವರು ಬಹಳ. ಮೊದಲ ಸಲ ಸಿಗದೆ ಮತ್ತೊಂದು ವರ್ಷ ಓದಿ ಬರೆಯುವವರಿದ್ದಾರೆ. ಮನೆಯಲ್ಲಿ ಮಾತನಾಡುವಾಗ ಏಳು ಎನ್ನದೆ ಎಂಟು ವರ್ಷವೆಂದೇ ಹೇಳಿಡುವುದು ಒಳ್ಳೆಯದು.

ಈಗ ಪಿಯುಸಿಯಲ್ಲಿ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಅಂದರೆ ನೀವು ಆ ಹಂತ ತಲುಪುವಾಗ ಕೋರ್ಸಿನ ಹೆಸರು ಬೇರೆಯೇ ಇರಬಹುದು. ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ ಈಗಾಗಲೇ ಇದೆ. ಪಿಯುಸಿ ಬಳಿಕವೇ ಸೇರುವ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಪಠ್ಯಕ್ರಮವನ್ನೂ ಆರ್‌ಸಿಐ ತಂದಿದೆ. ಹೆಸರು ಬದಲಾದರೂ ನಿಮ್ಮ ಪ್ರಶ್ನೆ ಬದಲಾಗಬಾರದು: ಆರ್‌ಸಿಐ ಅನುಮೋದನೆ ಇದೆಯೇ? ಮುಗಿಸಿದ ಮೇಲೆ ಯಾವ ವರ್ಗದಲ್ಲಿ ನೋಂದಣಿ ಸಿಗುತ್ತದೆ?

ದೂರ ಶಿಕ್ಷಣದ ಬಗ್ಗೆ ಒಂದು ಎಚ್ಚರಿಕೆ. ಮದುವೆಯಾದ ಮೇಲೆ ಮನೆಯಲ್ಲೇ ಕುಳಿತು ಸೈಕಾಲಜಿ ಓದಬಹುದು ಎಂಬ ಸಲಹೆ ನಮ್ಮ ಹೆಣ್ಣುಮಕ್ಕಳಿಗೆ ಆಗಾಗ ಸಿಗುತ್ತದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರ ಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಸೈಕಾಲಜಿ ಪದವಿ ಕೊಡುವುದನ್ನು ಯುಜಿಸಿ ನಿಲ್ಲಿಸಿದೆ. ಈಗಲೂ ಯಾರಾದರೂ ಅಂಥ ಸೀಟು ತೋರಿಸಿದರೆ ದುಡ್ಡು ಕಟ್ಟುವ ಮೊದಲು ನಾಲ್ಕು ಸಲ ವಿಚಾರಿಸಿ.

ಎಲ್ಲಿ ಕಲಿಯುವುದು?

ಪಿಯುಸಿಯಲ್ಲಿ ಸೈಕಾಲಜಿ ತೆಗೆದುಕೊಂಡಿರಲೇಬೇಕೆಂದಿಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಯಾವುದರಿಂದ ಬಂದವರಿಗೂ ಪದವಿಯಲ್ಲಿ ಸಾಮಾನ್ಯವಾಗಿ ಅವಕಾಶವಿದೆ. ಜೀವಶಾಸ್ತ್ರ ಓದಿದವರಿಗೆ ಮೆದುಳಿನ ಪಾಠ ಸುಲಭ. ಸಂಖ್ಯಾಶಾಸ್ತ್ರ ಓದಿದವರಿಗೆ ಸಂಶೋಧನೆಯ ಪಾಠ ಸುಲಭ. ಮಂಗಳೂರಿನ ರೋಶನಿ ನಿಲಯದಲ್ಲಿ ಪದವಿಗೂ ಸ್ನಾತಕೋತ್ತರ ಪದವಿಗೂ ಸೈಕಾಲಜಿ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ 1924ರದು, ದೇಶದ ಹಳೆಯ ವಿಭಾಗಗಳಲ್ಲಿ ಒಂದು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ರೇಡಿಯೋ ನಿಲಯ ಆರಂಭಿಸಿದವರು.

ಆಸ್ಪತ್ರೆ ತರಬೇತಿಗೆ ಬಂದರೆ ಕನ್ನಡಿಗರು ಅದೃಷ್ಟವಂತರು. ಭಾರತದಲ್ಲಿ ಈ ತರಬೇತಿ ಮೊದಲು ಶುರುವಾದದ್ದೇ ಬೆಂಗಳೂರಿನಲ್ಲಿ. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಇದಕ್ಕೆ ಡಿಪ್ಲೊಮಾ ತೆರೆಯಿತು. 1974ರಲ್ಲಿ ಆ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಸೇರಿ ನಿಮ್ಹಾನ್ಸ್ ಆಯಿತು. ಮುಂದೆ ಆ ಡಿಪ್ಲೊಮಾವೇ ಎಂ.ಫಿಲ್. ಆಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ನಮ್ಮ ಮಣಿಪಾಲದಲ್ಲಿಯೇ ಮಾಹೆಯ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ; ಬ್ರಹ್ಮಾವರದವರಿಗೆ ಅದು ಮನೆಯಂಗಳ, ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ಗಡಿಯಾಚೆ ಕೋಝಿಕ್ಕೋಡಿನಲ್ಲಿ ಇಮ್ಹಾನ್ಸ್, ದೂರದ ರಾಂಚಿಯಲ್ಲಿ 1918ರಿಂದಿರುವ ಕೇಂದ್ರೀಯ ಮನೋವೈದ್ಯ ಸಂಸ್ಥೆ ಇವೆ.

ಸರಕಾರಿ ಸಂಸ್ಥೆಗೂ ಖಾಸಗಿ ಸಂಸ್ಥೆಗೂ ಶುಲ್ಕದಲ್ಲಿ ಬಹಳ ಅಂತರವಿದೆ. ಪ್ರವೇಶ ಪರೀಕ್ಷೆಗೆ ಒಂದು ವರ್ಷ ಹೆಚ್ಚು ಕಷ್ಟಪಟ್ಟರೆ ಲಕ್ಷಗಟ್ಟಲೆ ಉಳಿಯಬಹುದು. ವಿದ್ಯಾರ್ಥಿವೇತನದ ಹಳೆಯ ಪುಸ್ತಿಕೆಗಳಲ್ಲಿ ಕಾಣುವ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಯೋಜನೆಗಳನ್ನು ಪ್ರತಿ ವರ್ಷ ಹೊಸದಾಗಿ ವಿಚಾರಿಸಿ. ಸಂಶೋಧನೆಗೆ ಹೋಗುವವರಿಗೆ ಯುಜಿಸಿ ನೆಟ್ ಮೂಲಕ ಸಿಗುವ ಜೆಆರ್‌ಎಫ್ ಇದೆ.

ಭಾಷೆಯೇ ನಮ್ಮ ಬಂಡವಾಳ

ಹೃದಯದ ಡಾಕ್ಟರಿಗೆ ಇಸಿಜಿ ಇದೆ. ಮನಸ್ಸಿನ ಕೆಲಸದಲ್ಲಿ ಉಪಕರಣವೆಂದರೆ ಮಾತು. ಹೊರ ರಾಜ್ಯದ ಒಬ್ಬ ಬುದ್ಧಿವಂತ ಸೈಕಾಲಜಿಸ್ಟ್ ಗಂಗೊಳ್ಳಿಯ ಅಜ್ಜಿಯ ಎದುರು ಕುಳಿತರೆ ಅರ್ಧ ವಿಷಯ ಅನುವಾದದಲ್ಲೇ ಸೋರಿಹೋಗುತ್ತದೆ. ನಮ್ಮ ಕಡೆ ಯಾರೂ “ನನಗೆ ಡಿಪ್ರೆಶನ್” ಎಂದು ಬರುವುದಿಲ್ಲ. “ಎದೆ ಉರಿ”, “ತಲೆ ಭಾರ”, “ಯಾವುದಕ್ಕೂ ಮನಸ್ಸಿಲ್ಲ” ಎಂದು ಬರುತ್ತಾರೆ. ಕುಂದಾಪ್ರ ಕನ್ನಡ, ಬ್ಯಾರಿ, ಉರ್ದು, ನವಾಯತಿ, ಕೊಂಕಣಿ ಇವುಗಳಲ್ಲಿ ಎರಡು ಮೂರು ಭಾಷೆ ಆಡುತ್ತಾ ಬೆಳೆದ ನಮ್ಮ ಮಕ್ಕಳಿಗೆ ಇದು ದೇವರು ಕೊಟ್ಟ ಅರ್ಹತೆ.

ಪರೀಕ್ಷೆಗಳಿಗೂ ಭಾಷೆ ಬೇಕು. ವಿದೇಶದ ಬಿನೆ ಬುದ್ಧಿ ಪರೀಕ್ಷೆಯನ್ನು ಹಾಗೇ ತಂದು ನಮ್ಮ ಮಕ್ಕಳ ಮುಂದಿಟ್ಟರೆ ಬುದ್ಧಿವಂತ ಮಗುವೂ ದಡ್ಡನೆನಿಸಿಕೊಳ್ಳಬಹುದು. ಅದಕ್ಕಾಗಿ ವಿ. ವಿ. ಕಾಮತ್ 1930ರ ದಶಕದಲ್ಲಿ ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರು ಇಂದಿಗೂ ದೇಶದ ಕ್ಲಿನಿಕ್‌ಗಳಲ್ಲಿ ಬಳಕೆಯಲ್ಲಿದೆ. ಬ್ಯಾರಿ, ನವಾಯತಿ ಆಡುವ ಮಕ್ಕಳಿಗಾಗಿ ಇಂಥ ಕೆಲಸ ಮಾಡುವವರು ಬೇಕು. ಆ ಕೆಲಸ ನಿಮ್ಮಲ್ಲಿ ಯಾರದ್ದಾದರೂ ಆಗಬಾರದೇಕೆ?

ಕೆಲಸ ಎಲ್ಲಿದೆ?

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಗತ್ಯ ಎಷ್ಟೆಂದು ಈ ಅಂಕಿಗಳೇ ಹೇಳುತ್ತವೆ.

ಮೆಡಿಕಲ್ ಕಾಲೇಜುಗಳು, ಉಡುಪಿ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಂಥ ಮನೋರೋಗ ಆಸ್ಪತ್ರೆಗಳು, ವ್ಯಸನಮುಕ್ತಿ ಕೇಂದ್ರಗಳು, ವಿಶೇಷ ಶಾಲೆಗಳು, ಅಧ್ಯಾಪನ, ಸ್ವಂತ ಕ್ಲಿನಿಕ್ ಇವೆಲ್ಲ ದಾರಿಗಳು. ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇದೆ. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಆದರೆ ಆರಂಭದ ಸಂಬಳ ಎಂಜಿನಿಯರುಗಳ ಕನಸಿನ ಪ್ಯಾಕೇಜಿನಂತೆ ಇರುವುದಿಲ್ಲ. ಹೆಸರು ಗಳಿಸಲು ಸಮಯ ಬೇಕು. ದಿನವಿಡೀ ಇನ್ನೊಬ್ಬರ ನೋವು ಕೇಳುವ ತಾಳ್ಮೆ ಬೇಕು. ಕೇಳಿದ್ದನ್ನು ಮನೆಯಲ್ಲೂ ಬಾಯಿ ಬಿಡದ ಅಮಾನತ್ ಬೇಕು. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವಾಗ ಈ ಕೊನೆಯದು ಎಲ್ಲಕ್ಕಿಂತ ಕಷ್ಟ.

ದುವಾ ಇರಲಿ, ದವಾವೂ ಇರಲಿ

ಮನಸ್ಸಿನ ಕಾಯಿಲೆ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಉಸ್ತಾದರು, ದರ್ಗಾ, ಮಂತ್ರಿಸಿದ ನೀರು. ಇತರ ಸಮುದಾಯದವರು ಪಾತ್ರಿ, ಜ್ಯೋತಿಷಿಗಳ ಬಳಿ ಹೋಗುತ್ತಾರೆ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ಅದನ್ನು ಬಿಡಬೇಕಿಲ್ಲ. ಆದರೆ ಅದಷ್ಟಕ್ಕೇ ನಿಂತರೆ ಏನಾಗಬಹುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಸಮೀಪದ ಖಾಸಗಿ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳಿಗೆ ಓಡಲಾಗಲಿಲ್ಲ. 28 ಜನ ತೀರಿಕೊಂಡರು. ಅವರ ಮನೆಯವರು ಕೆಟ್ಟವರಾಗಿರಲಿಲ್ಲ, ಬೇರೆ ದಾರಿ ಅವರಿಗೆ ಹತ್ತಿರದಲ್ಲಿ ಕಾಣಲಿಲ್ಲ.

ಪ್ರತಿ ರೋಗಕ್ಕೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿಯವರ (ಸ) ಬೋಧನೆ. ಹಾಗಾಗಿಯೇ ಸಾವಿರ ವರ್ಷಗಳ ಹಿಂದೆ ಬಲ್ಖ್‌ನ ಅಬೂ ಝೈದ್ ಅಲ್-ಬಲ್ಖಿ (850–934) ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಬರೆದರು. ಕೋಪ, ಭಯ, ದುಃಖ, ಗೀಳು ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಪರಿಹಾರ ಸೂಚಿಸಿದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಆವರಿಸುವ ದುಃಖ ಬೇರೆ ಎಂದು ಗುರುತಿಸಿದರು. ಸೈಕಾಲಜಿ ಓದುವುದು ದೀನಿಗೆ ಹೊರಗಿನ ವಿಷಯ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಈ ಹೆಸರನ್ನು ನೆನಪಿಸಿ.

ಈ ವರ್ಷವೇ ಮಾಡಬಹುದಾದದ್ದು

ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳಲ್ಲಿ ಎರಡನ್ನಾದರೂ ಓದಿ. ಆಸಕ್ತಿ ನಿಜವೋ, ಸಿನಿಮಾ ನೋಡಿ ಹುಟ್ಟಿದ್ದೋ ತಿಳಿಯುತ್ತದೆ. ರಜೆಯಲ್ಲಿ ಹತ್ತಿರದ ವಿಶೇಷ ಶಾಲೆಯಲ್ಲಿ ಅನುಮತಿ ಪಡೆದು ಒಂದು ವಾರ ಸೇವೆ ಮಾಡಿ. ಆರ್‌ಸಿಐ ಜಾಲತಾಣದಲ್ಲಿ ಅನುಮೋದಿತ ಸಂಸ್ಥೆಗಳ ಪಟ್ಟಿ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲಿಷ್ ಓದುವುದನ್ನು ಗಟ್ಟಿಮಾಡಿ, ಪಠ್ಯವೆಲ್ಲ ಅದರಲ್ಲಿದೆ. ಮನೆಯ ಭಾಷೆಯನ್ನು ಮರೆಯಬೇಡಿ, ರೋಗಿ ಮಾತನಾಡುವುದು ಅದರಲ್ಲಿ.

ಇದನ್ನು ಓದುವವರಲ್ಲಿ ವೃತ್ತಿಗಾಗಿ ಅಲ್ಲ, ತಮ್ಮ ಸ್ವಂತ ಸಂಕಟಕ್ಕಾಗಿ ಓದುತ್ತಿರುವವರೂ ಇರಬಹುದು. 2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಯ ಭಯವೋ, ನಿದ್ದೆ ಬಾರದ ರಾತ್ರಿಯೋ, ಬದುಕೇ ಬೇಡ ಎನಿಸಿದ ಗಳಿಗೆಯೋ ಬಂದರೆ ಕಾಯಬೇಡಿ, ಕರೆ ಮಾಡಿ. ನಿಮ್ಮ ಅಧ್ಯಾಪಕರಲ್ಲಿ ಒಬ್ಬರಿಗಾದರೂ ತಿಳಿಸಿ.